ಸೋಸಿ ಕೊಟ್ಟ ಸ್ಯಾಂಪಲ್ಲು

ಮೂರು ಸಲ ಸ್ಯಾಂಪಲ್ ಕಳಿಸಿದ್ದಾಯಿತು. ಮೂರು ಸಲವೂ ಪ್ರಯೋಗಾಲಯದವರು ಸ್ನಾನದ ಮನೆಯ ಬಾವಿಯ ನೀರು ಶುದ್ಧವಾಗಿದೆ ಎಂದೇ ಬರೆದರು. ಹಾಗಾದರೆ ನೇಕಾರರ ಓಣಿಯ ಮಕ್ಕಳಿಗೆ ಈ ವಾಂತಿಭೇದಿ ಎಲ್ಲಿಂದ ಬರಬೇಕು? ಬನಹಟ್ಟಿಯ ಆರೋಗ್ಯ ನಿರೀಕ್ಷಕಿ ಧನಶ್ರೀಗೆ ತಲೆ ಕೆಟ್ಟು ಹೋಗಿತ್ತು. ಬಾವಿ ಅಲ್ಲವೆಂದ ಮೇಲೆ ಉಳಿದದ್ದು ಮಹಾದೇವಿಯ ರೊಟ್ಟಿ ಮನೆ. ಓಣಿಯ ಅರ್ಧ ಮಂದಿ ಉಣ್ಣುವುದು ಅದೇ ರೊಟ್ಟಿ, ಪಲ್ಯ. ಹತ್ತು ದಿನದ ಹಿಂದೆ ಧನಶ್ರೀ ಅದಕ್ಕೆ ಬೀಗ ಹಾಕಿಸಿದ್ದಳು. ಇವತ್ತು ಬೆಳಿಗ್ಗೆ ನೋಡಿದರೆ ಮತ್ತೆರಡು ಮಕ್ಕಳು ಆಸ್ಪತ್ರೆ ಸೇರಿವೆ. ಒಲೆಯೇ ಹತ್ತದ ಮನೆಯ ರೊಟ್ಟಿ ತಿಂದು ಯಾರಿಗಾದರೂ ಹೊಟ್ಟೆ ಕೆಡುತ್ತದೆಯೇ?

ಸಿಟ್ಟಿನಲ್ಲೇ ನಾಲ್ಕನೇ ಸ್ಯಾಂಪಲ್ಲಿಗೆಂದು ಸಾರ್ವಜನಿಕ ಸ್ನಾನದ ಮನೆಗೆ ಬಂದಳು. ಎರಡು ಮಹಾಯುದ್ಧಗಳ ನಡುವೆ, ಸಂಸ್ಥಾನದ ಕಾಲದಲ್ಲಿ ಕಟ್ಟಿದ್ದು. ಒಳಗೊಂದು ಬಾವಿ, ಸುತ್ತ ಕಲ್ಲಿನ ಗೋಡೆಯ ಎಂಟು ಬಚ್ಚಲು. ಮನೆಯ ಜಾಗವನ್ನೆಲ್ಲ ಮಗ್ಗವೇ ನುಂಗಿರುವ ಓಣಿಯಲ್ಲಿ ಹೆಂಗಸರು, ಮಕ್ಕಳು ಇಂದಿಗೂ ಇಲ್ಲಿಯೇ ಮೈ ತೊಳೆಯಬೇಕು. ಇದನ್ನು ನೋಡಿಕೊಳ್ಳುವವರು ಜಿನೇಂದ್ರ ಕಾಕಾ. ಇದೇ ಕೆಲಸದಲ್ಲಿದ್ದ ಅವರ ಅಜ್ಜನ ಕಾಲದ ತಪಾಸಣೆಯ ಪುಸ್ತಕ ಇನ್ನೂ ಗೂಡಿನಲ್ಲಿದೆ. ‘ಬಾವಿಗೆ ಕ್ರಿಮಿನಾಶಕ ಕೆಂಪು ಔಷಧ ಹಾಕುವುದು’ ಎಂದು ಅಂದಿನ ಇನ್ಸ್‌ಪೆಕ್ಟರು ಒಂದೇ ವರ್ಷದಲ್ಲಿ ಏಳು ಸಲ ಬರೆದಿದ್ದಾನೆ. ಒಮ್ಮೆ ಹಾಕಿದ್ದರೆ ಪಾಪ, ಏಳು ಸಲ ಯಾಕೆ ಬರೆಯುತ್ತಿದ್ದ?

“ಬಾಟ್ಲಿ ಕೊಡ್ರಿ ತಂಗಿ. ಮೆಟ್ಟಲಾ ಜಾರ್ತಾವ, ನಾನ ತುಂಬಿ ತರ್ತೇನಿ” ಎಂದು ಕಾಕಾ ಎಂದಿನಂತೆ ಕೈ ಚಾಚಿದರು.

ಮೂರು ಸಲವೂ ಹೀಗೇ ಕೊಟ್ಟು ಹೊರಗೆ ಕೂತಿದ್ದಳು. ಈ ಸಲ ಹಿಂದೆಯೇ ಹೋದಳು. ಕಾಕಾ ಬಾವಿಯ ಕಡೆ ತಿರುಗಲೇ ಇಲ್ಲ. ನೆಟ್ಟಗೆ ತಮ್ಮ ಕೋಣೆಗೆ ಹೋಗಿ, ಕಾಯಿಸಿ ಆರಿಸಿಟ್ಟ ತಾಮ್ರದ ಕೊಡ ಬಗ್ಗಿಸಿ, ಬಿಳಿ ಬಟ್ಟೆಯನ್ನು ಎರಡು ಪದರು ಮಡಚಿ, ಸೋಸಿ ಸೋಸಿ ಬಾಟಲಿಗೆ ತುಂಬಿದರು.

“ಕಾಕಾ, ಏನ್ ಮಾಡಾಕತ್ತೀರಿ?”

“ನೀರ ತುಂಬಾಕತ್ತೇನ್ರಿ.”

“ಇದು ಕಾಸಿದ ನೀರಲ್ಲೇನ್ರಿ?”

“ಮತ್ತ? ನಿಮ್ಮ ಲ್ಯಾಬಿನ್ಯಾಗ ಯಾರೋ ಬಾಯಿಗಿ ಹಾಕ್ಕೊಂಡ ರುಚಿ ನೋಡ್ತಾರಲ್ಲ. ಸೋಸದ ಹಸಿ ನೀರ ಕುಡಿಸಿ ಆ ಪಾಪ ನಾ ಯಾಕ ಕಟ್ಕೊಳ್ಳಲಿ? ನೀವೂ ನಮ್ಮವರ, ತಿಳಿಯೂದಿಲ್ಲೇನು?”

ಧನಶ್ರೀಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಖರೆ, ಅವಳಿಗೇ ತಿಳಿಯಬೇಕಿತ್ತು. ತೇರದಾಳದ ತವರಿನಲ್ಲಿ ಅವ್ವ ಇಂದಿಗೂ ನೀರಿನ ಸೂಕ್ಷ್ಮ ಜೀವಗಳಿಗೆ ಹಿಂಸೆಯಾದೀತೆಂದು ಬಟ್ಟೆ ಕಟ್ಟದೆ ಒಂದು ತಂಬಿಗೆ ನೀರು ಬಗ್ಗಿಸುವುದಿಲ್ಲ. ಜೈನರ ಮನೆಯಲ್ಲಿ ಹುಟ್ಟಿ ಬೆಳೆದವಳು ಇದನ್ನು ಊಹಿಸಲಿಲ್ಲವಲ್ಲ ಎಂದು ತನ್ನ ಮೇಲೆಯೇ ರೇಗಿತು.

“ಬಾವಿಗಿ ಹಾಕಾಕ ಕೊಟ್ಟ ಬ್ಲೀಚಿಂಗ್ ಪುಡಿ?”

ಕಾಕಾ ಮೂಲೆ ತೋರಿಸಿದರು. ಚೀಲದ ಹೊಲಿಗೆ ಕೂಡ ಬಿಚ್ಚಿರಲಿಲ್ಲ. “ಅದನ್ನ ಹಾಕಿದ್ರ ಜೀವ ಸಾಯ್ತಾವ ತಂಗಿ.”

“ಸಾಯ್ಲಿ ಅಂತನ ಹಾಕೂದ್ರಿ ಕಾಕಾ! ಅವು ಬದುಕಿ ಹುಡುಗೂರ ಹೊಟ್ಟ್ಯಾಗ ಹೊಂಟಾವ.”

“ಕುಡೀಬ್ಯಾಡ್ರಿ ಅಂತ ಎಲ್ಲಾರ್ಗೂ ಹೇಳೇನಲ್ರಿ.”

ಮೈ ತೊಳೆಯುವಾಗ ಬಾಯಿ ಮುಕ್ಕಳಿಸದ ಮಗು ಯಾವ ಊರಲ್ಲಿದೆ? ಧನಶ್ರೀ ಬಾವಿಗೆ ತಾನೇ ಇಳಿದು ಬಾಟಲಿ ತುಂಬಿಕೊಂಡು ಬಂದಳು. ಎರಡು ದಿನ ಸ್ನಾನ ಬಂದ್ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಚೀಲ ಹರಿದಳು. “ಪಾಪ ನನ್ನ ಹೆಸರಿಗಿರ್ಲಿ” ಎಂದು ಪುಡಿ ಕಲಸಿ ಬಾವಿಗೆ ಸುರಿದಳು. ಕಾಕಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಅಲ್ಲಿಂದ ಮಹಾದೇವಿಯ ಮನೆಗೆ ಹೋದಳು. ತಾನೇ ಹಾಕಿಸಿದ ಬೀಗ ತೆಗೆದಳು. ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, “ನಿಮ್ಮ ರೊಟ್ಟಿದು ಏನೂ ತಪ್ಪಿಲ್ಲ ಮಹಾದೇವಕ್ಕ” ಎಂದಳು.

ಮಹಾದೇವಿ ಕದಲಲಿಲ್ಲ. “ಅದು ನನಗ ಗೊತ್ತಿತ್ತಲ್ರಿ ಮೇಡಮ್ಮಾರ. ಓಣಿಗಿ ಗೊತ್ತಿಲ್ಲ. ನನ್ನ ಸ್ವಂತ ತಂಗಿ ಮಗಳನ್ನ ನನ್ನ ಮನೀಗಿ ಕಳಸವಲ್ಲಳು. ಬಂದ್ ಮಾಡಿದ ದಿನ ಕಸದ ಗಾಡಿ ಮೈಕಿನ್ಯಾಗ ನನ್ನ ಹೆಸರ ಹೇಳಿ ಕೂಗಿಸಿದ್ರಿ. ಈಗ ಬಂದು ಕಿವ್ಯಾಗ ಹೇಳ್ತೀರಿ.”

ಧನಶ್ರೀ ಫೋನ್ ಮಾಡಿ ಗಾಡಿ ಕರೆಸಿದಳು. ಡ್ರೈವರನ ಪಕ್ಕ ಹತ್ತಿ ಕೂತು ಮೈಕು ತಾನೇ ಹಿಡಿದಳು. ಮಗ್ಗಗಳ ಸದ್ದಿಗೂ ಮೀರಿ ತನ್ನ ದನಿ ತನಗೇ ಕೇಳಿಸಿತು: “ನಾನು ಆರೋಗ್ಯ ನಿರೀಕ್ಷಕಿ ಧನಶ್ರೀ. ಮಹಾದೇವಿಯವರ ರೊಟ್ಟಿಯಿಂದ ಯಾರಿಗೂ ಜಡ್ಡು ಬಂದಿಲ್ಲ. ತಪ್ಪು ನಂದು. ನೋಡದೆ ಬೀಗ ಹಾಕಿಸೇನಿ.” ಒಂದೊಂದೇ ಮಗ್ಗ ನಿಂತಿತು. ಹೆಂಗಸರು ಹೊಸ್ತಿಲಿಗೆ ಬಂದರು. ಗಾಡಿ ಓಣಿಯ ತುದಿ ಮುಟ್ಟಿ ಹಿಂದಿರುಗಿದಾಗ ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು.

“ಆತಲ್ರಿ?” ಎಂದಳು ಧನಶ್ರೀ.

“ಅವತ್ತ ಮೂರು ಸುತ್ತ ಹೊಡಿಸಿದ್ರಿ” ಎಂದಳು ಮಹಾದೇವಿ. “ಇನ್ನೂ ಎರಡ ಉಳದಾವ.”