ಹದಿಮೂರನೆಯ ತೆಗ್ಗು

ಘೋಡಗೇರಿಯ ಹೊರಗಿನ ದಿಬ್ಬದಲ್ಲಿ ರಸ್ತೆಗೆಂದು ಗರಸು ಮಣ್ಣು ಅಗೆದು ಬಿಟ್ಟ ಹನ್ನೆರಡು ತೆಗ್ಗುಗಳನ್ನು ಮುಕಾದಮ ಮುರಿಗೆಪ್ಪ ಎರಡು ತಿಂಗಳು ಆಳು ಹಚ್ಚಿ ಮುಚ್ಚಿಸಿದ್ದ. ಕರಾರಿನ ಕಾಗದ ಹಾಗೆ ಹೇಳುತ್ತಿತ್ತು: ಅಗೆದದ್ದನ್ನು ತುಂಬಬೇಕು, ಒಡೆದ ಕಲ್ಲಿನ ಕಸ ಹಳ್ಳಕ್ಕೆ ಬೀಳಬಾರದು, ಮೊದಲೇ ಬೇರೆ ತೆಗೆದಿಟ್ಟ ಮೇಲ್ಮಣ್ಣನ್ನು ಮರಳಿ ಮೇಲೆಯೇ ಹರಡಬೇಕು. ಇಷ್ಟೂ ಆಗಿದೆಯೆಂದು ಓವರಸಿಯರ್ ಬರೆದುಕೊಟ್ಟರೆ ಹುಕ್ಕೇರಿ ರಸ್ತೆಯ ಕೆಲಸವೂ ಮುರಿಗೆಪ್ಪನಿಗೇ. ಇಲ್ಲವಾದರೆ ಅದು ಸಂಕೇಶ್ವರದ ಇನ್ನೊಬ್ಬ ಮುಕಾದಮನ ಪಾಲು. ಮುರಿಗೆಪ್ಪ ಮತ್ತೆ ಮಾವನ ಹೊಲದಲ್ಲಿ, ಮಾವನ ಮಾತು ಕೇಳುತ್ತ, ಕಳೆ ಕೀಳಬೇಕು.

ಓವರಸಿಯರ್ ಕಾರವಾರದ ಕಡೆಯವರು, ಅನ್ನ ಉಣ್ಣುವವರು. ಇಲ್ಲಿಗೆ ಬರುವ ಮೊದಲು ನಾಲ್ಕು ವರ್ಷ ದೂರದ ಕಲ್ಲಿದ್ದಲು ಗಣಿಯಲ್ಲಿದ್ದರು. ಅಲ್ಲಿ ಕಲ್ಲಿದ್ದಲು ತೆಗೆದ ಪೊಳ್ಳಿಗೆ ಮರಳು ತುಂಬದೆ ಬಿಟ್ಟಿದ್ದರಿಂದ, ಒಂದು ಮಧ್ಯಾಹ್ನ ಮೇಲಿನ ನೆಲ ಬೇವಿನ ಗಿಡದ ಸಮೇತ ಕೆಳಗಿಳಿದದ್ದನ್ನು ಕಣ್ಣಾರೆ ಕಂಡಿದ್ದರು. ಅಂದಿನಿಂದ ಅವರಿಗೆ ನೆಲದ ಮೇಲೆ ನಂಬಿಕೆಯಿಲ್ಲ. ಕಬ್ಬಿಣದ ಸಲಾಕೆ ಹಿಡಿದು ನಾಲ್ಕು ಹೆಜ್ಜೆಗೊಮ್ಮೆ ಕುಟ್ಟುವರು, ಕಿವಿಗೊಡುವರು, ಮುಂದೆ ಹೋಗುವರು.

ಹನ್ನೆರಡೂ ತೆಗ್ಗು ‘ದಪ್’ ಎಂದವು. ಮುರಿಗೆಪ್ಪ ಕಾಗದ ಬಿಡಿಸಿ ಹಿಡಿದ. ಓವರಸಿಯರ್ ದಿಬ್ಬದ ಅಂಚಿಗೆ, ಪಾರವ್ವನ ಹಿತ್ತಲಿನ ಬಾಜೂಕ್ಕೆ ಹೋಗಿ, ಇರಲಿ ಎಂದು ಇನ್ನೊಮ್ಮೆ ಕುಟ್ಟಿದರು. ನೆಲ ‘ಢಂ’ ಎಂದಿತು.

“ಹದಿಮೂರನೆಯದನ್ನ ಬಿಟ್ಟಿದ್ದೀಯಲ್ಲ ಮುಕಾದಮ. ಒಳಗೆ ಪೊಳ್ಳಿದೆ. ಊಟ ಮಾಡಿ ನಾಲ್ಕು ಗಂಟೆಗೆ ಬರುತ್ತೇನೆ, ಅಷ್ಟರೊಳಗೆ ಮರಳು ತುಂಬಿಸು.”

ಅದು ತೆಗ್ಗಲ್ಲ, ಪಾರವ್ವನ ಹಗೇವು ಎಂದು ಊರಿಗೆಲ್ಲ ಗೊತ್ತು. ನೆಲದೊಳಗಿನ ಆ ಕಣಜದಲ್ಲಿ ಜೋಳ ಸುರಿದು, ಬಾಯಿಗೆ ಚಪ್ಪಡಿಯಿಟ್ಟು, ಮೇಲೆ ಮಣ್ಣೆಳೆದಿದ್ದಳು. ಆದರೆ ಬಾಯಿ ಬಿಡುವಂತಿಲ್ಲ. ಹಿಂದಿನ ತಿಂಗಳಷ್ಟೇ ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ಜೋಳ ಎತ್ತುವವರು ಬಂದಾಗ, ಮನೆಯಲ್ಲಿರುವುದು ಎರಡೇ ಚೀಲ ಎಂದು ಅವಳು ಆಣೆ ಮಾಡಿದ್ದಳು. ಆಣೆ ಖರೆಯೇ, ನೆಲದೊಳಗೆ ಎಷ್ಟಿದೆಯೆಂದು ಅವರು ಕೇಳಿರಲಿಲ್ಲ.

ಪಾರವ್ವ ಮುರಿಗೆಪ್ಪನ ಸೋದರತ್ತೆ. ಅವನು ಅಳುಕುತ್ತಲೇ ಹೋದ.

“ಅತ್ತಿ, ನಿನ್ನ ಹಗೇವಿಗೆ ಉಸುಕ ತುಂಬು ಅಂದಾರ ಸಾಹೇಬ್ರು.”

“ನಿನ್ನ ಬಾಯಾಗ ತುಂಬಲಿ. ವರ್ಷದ ರೊಟ್ಟಿ ಐತಿ ಅದರಾಗ.”

“ಅರ್ಧ ಖಾಲಿ ಐತಿ, ಅದಕ್ಕ ಢಂ ಅಂತೈತಿ.”

“ತುಂಬಿದ್ದರ ಅನ್ನಂಗಿಲ್ಲೇನ?”

“ಅನ್ನಂಗಿಲ್ಲ.”

“ಹಂಗಾರ ತುಂಬು. ಅದಕ್ಕ ಉಸುಕ ಯಾಕ ಬೇಕು?”

ಚಪ್ಪಡಿ ಸರಿಯಿತು. ನೆರೆಯ ರಾಯಪ್ಪ ಮೂರು ಚೀಲ ಹೊತ್ತು ತಂದ. ಎದುರು ಮನೆಯ ಭರಮವ್ವ ಎರಡು ಚೀಲ ತರಿಸಿದಳು, ಸುರಿಯಲು ಮಾತ್ರ ಬಿಡಲಿಲ್ಲ.

“ನನ್ನ ಜ್ವಾಳ ಮುತ್ತಿನಂಗ ಐತಿ. ನಿನ್ನ ಹುಳುಕಿನ ಕೂಡ ಬೆರಸಬ್ಯಾಡ.”

“ನಿಂದು ಮ್ಯಾಲ ಬೀಳ್ತೈತಿ, ನಂದು ತಳಕ್ಕ ಐತಿ,” ಎಂದಳು ಪಾರವ್ವ. “ಮುತ್ತು ಯಾವಾಗಲೂ ಮ್ಯಾಲ ಇರಬೇಕವ್ವ. ಸುರಿ.”

ಇನ್ನೂ ಮೊಳದಷ್ಟು ಪೊಳ್ಳು ಉಳಿಯಿತು. ಮುರಿಗೆಪ್ಪ ಮನೆಗೆ ಓಡಿ, ಹೆಂಡತಿಯ ಮುಖ ನೋಡದೆ ಮೂರು ಚೀಲ ತಂದು ಸುರಿದ. ಚಪ್ಪಡಿ ಕೂತಿತು, ಮಣ್ಣು ಹರಡಿತು.

ನಾಲ್ಕು ಗಂಟೆಗೆ ಸಲಾಕೆ ಬಿತ್ತು. ‘ದಪ್.’ ಓವರಸಿಯರ್ ಇನ್ನೊಮ್ಮೆ ಕುಟ್ಟಿ ತಲೆದೂಗಿದರು.

“ಇಷ್ಟು ಬೇಗ ಮರಳು ಎಲ್ಲಿಂದ ತಂದೆ?”

“ಊರಾಗಿಂದನರಿ. ಮಂದಿ ಕೂಡಿ ಕೊಟ್ಟರು.”

“ಒಳ್ಳೆಯದು. ಇನ್ನು ಇಪ್ಪತ್ತು ಕೊಡ ನೀರು ಹೊಯ್ಯಿಸು. ನೀರು ಕುಡಿದರೇ ಮರಳು ಗಟ್ಟಿಯಾಗಿ ಕೂರುವುದು.”

ಬಾವಿ ಬತ್ತಿದೆ ಎನ್ನೋಣವೆಂದರೆ ಎದುರಿಗೇ ಇಬ್ಬರು ಹೆಂಗಸರು ತುಂಬಿದ ಕೊಡ ಹೊತ್ತು ಹೊರಟಿದ್ದರು.

“ನೀರ ಬ್ಯಾಡ್ರಿ ಸಾಹೇಬ್ರ,” ಎಂದ ಮುರಿಗೆಪ್ಪ.

“ಯಾಕೆ?”

ಅವನಿಗೆ ಹುಕ್ಕೇರಿ ರಸ್ತೆ ಕಂಡಿತು, ಮಾವನ ಹೊಲ ಕಂಡಿತು. ಹಿತ್ತಲ ಗೋಡೆಯ ಆಚೆಯಿಂದ ಪಾರವ್ವ ಹೇಳಿದಳು, “ಮೊಳಕಿ ಒಡಿತೈತ್ರಿ.”

“ಮರಳು?”

“ನಮ್ಮೂರ ಉಸುಕ ಹಂಗ ಐತ್ರಿ.”

ಓವರಸಿಯರ್ ಸಲಾಕೆಯನ್ನು ನೆಲಕ್ಕೂರಿದರು. ಮುರಿಗೆಪ್ಪನ ರುಮಾಲಿನ ಮಡಿಕೆಯಲ್ಲಿ ಸಿಕ್ಕಿದ್ದ ಒಂದು ಕಾಳನ್ನು ಎರಡು ಬೆರಳಲ್ಲಿ ತೆಗೆದು, ತಿರುಗಿಸಿ ನೋಡಿ, ಕಟಕ್ಕನೆ ಕಡಿದರು. ಬಹಳ ಹೊತ್ತು ಅಗಿದರು.

“ಕಾಳು ಹುಡುಕುವುದು ನನ್ನ ಖಾತೆಯಲ್ಲ,” ಎಂದರು ಕೊನೆಗೆ. “ನನಗೆ ಪೊಳ್ಳಿಲ್ಲದ ನೆಲ ಬೇಕು, ಅಷ್ಟೆ.”

ಆದರೂ ಸುಳ್ಳು ಬರೆಯುವ ಮನುಷ್ಯನಲ್ಲ. ತುಸು ಯೋಚಿಸಿ ಬರೆದರು: ‘ಹದಿಮೂರನೆಯ ತೆಗ್ಗು: ಒಣ ಸ್ಥಳೀಯ ಸಾಮಗ್ರಿಯಿಂದ ಪೂರ್ಣ ಭರ್ತಿ. ನೀರು ಹಾಯಿಸತಕ್ಕದ್ದಲ್ಲ.’ ಕೆಳಗೆ ಸಹಿ.

ಒಂದು ತಿಂಗಳಿಗೆ ಗೋಕಾಕದ ಕಚೇರಿಯಿಂದ ಪತ್ರ ಬಂತು. ಹುಕ್ಕೇರಿ ರಸ್ತೆಯ ಕೆಲಸ ಮುರಿಗೆಪ್ಪನಿಗೇ. ಅವನು ಅಷ್ಟನ್ನೇ ಓದಿ ಊರೆಲ್ಲ ಸುತ್ತಿ ಬಂದ. ಉಳಿದದ್ದನ್ನು ಓದಿದ್ದು ಪಾರವ್ವನ ಒಲೆಯ ಮುಂದೆ ಕೂತು. ಘೋಡಗೇರಿಯಲ್ಲಿ ಬಳಸಿದ ಸಾಮಗ್ರಿ ಅರ್ಧ ದಿನದಲ್ಲಿ, ನೀರಿಲ್ಲದೆ, ಗಟ್ಟಿಯಾಗಿ ಕೂತಿರುವುದರಿಂದ ಹೊಸ ರಸ್ತೆಯ ಇಪ್ಪತ್ತೆರಡು ತೆಗ್ಗುಗಳಿಗೂ ಅದನ್ನೇ ತುಂಬತಕ್ಕದ್ದು; ಪರೀಕ್ಷೆಗಾಗಿ ನಮೂನೆಯನ್ನು ಕೂಡಲೇ ಕಚೇರಿಗೆ ಒಪ್ಪಿಸತಕ್ಕದ್ದು.

ಪಾರವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಇಪ್ಪತ್ತೆರಡಕ್ಕ ಆಗಂಗಿಲ್ಲಪ್ಪ. ನಮೂನಿಗೆ ಬೇಕಾದರ ಎರಡು ಒಯ್ಯಿ.”

ಮುರಿಗೆಪ್ಪ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮೇಲೊಂದಿಷ್ಟು ಶೇಂಗಾ ಚಟ್ನಿ ಹಾಕಿಸಿಕೊಂಡು, ಗೋಕಾಕದ ಬಸ್ಸಿಗೆ ನಡೆದ.