ಬುಡ್ತು ಅನ್ನದ ಧನ್ಯಾ

ದಂಡಿಗನಹಳ್ಳಿಯ ಗೌರೀಶಂಕರರಿಗೆ ಭಕ್ತಿ ಹೆಚ್ಚು, ಇನ್ನೊಬ್ಬರ ಮಾತು ಕೇಳುವ ಕಿವಿ ಕಡಿಮೆ. ಅವರ ಹಾಲಿನ ಡೈರಿಯ ಹಿಂದೆ ಒಂದು ಕಂಪನಿ, ಬೀರುವಿನಷ್ಟು ಎತ್ತರದ ಫ್ಯೂಯೆಲ್ ಸೆಲ್ ಯಂತ್ರ ಕೂರಿಸಿತ್ತು. ಸಗಣಿ ಗ್ಯಾಸು ಕುಡಿದು ಕರೆಂಟು ಕೊಡುವ ಯಂತ್ರ. ನೋಡಿಕೊಳ್ಳಲು ಬಂದವಳು ಚನ್ನರಾಯಪಟ್ಟಣದ ಧನ್ಯಾ. ದೀಪಾವಳಿವರೆಗೆ ಅದು ಕೆಡದೆ ಓಡಿದರೆ ಅವಳ ಕೆಲಸ ಕಾಯಂ, ಕೆಟ್ಟರೆ ಮನೆಗೆ.

ಯಂತ್ರದೊಳಗೆ ಪಿಂಗಾಣಿಯಂಥ ತೆಳು ಬಿಲ್ಲೆಗಳ ಅಟ್ಟಿ, ಕೆಂಡದಷ್ಟು ಕಾವು. ಬ್ಲೋಯರ್ ಬಿಡದೆ ಗಾಳಿ ಊದಿ ಹೆಚ್ಚಿನ ಕಾವನ್ನು ಹೊರಗೆ ಸಾಗಿಸಬೇಕು. ನಿಲ್ಲಿಸುವುದಾದರೂ ಊದುತ್ತಲೇ ನಿಧಾನವಾಗಿ ಕಾವು ಇಳಿಸಬೇಕು. ಇದನ್ನು ಧನ್ಯಾ ಎಷ್ಟು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆಯುಧಪೂಜೆಯ ಬೆಳಿಗ್ಗೆ ಗೌರೀಶಂಕರರು ಟ್ಯಾಂಕರ್ ತೊಳೆದ ಪೈಪು ಹಿಡಿದೇ ಬಂದರು. ತೊಳೆಯದೆ ಪೂಜೆ ಉಂಟೇ?

"ಬ್ಯಾಡಿ ಸಾ," ಧನ್ಯಾ ಅಡ್ಡ ನಿಂತಳು. "ಇದು ಗಾಳೀಲೇ ತಣ್ಣಗಾಗ್ಬೇಕು. ನೀರು ಒಳಕ್ಕೋದ್ರೆ ಒಡೆದೋಯ್ತದೆ."

"ಗಾಳಿಗೇ ತಣ್ಣಗಾದ್ರೆ ನೀರಿಗೆ ಇನ್ನೂ ಬ್ಯಾಗ ಆಯ್ತದೆ ಕಣಮ್ಮ. ಸರಿ ಅತ್ಲಾಗೆ."

ಇಷ್ಟು ದಿನ ಧನ್ಯಾಗೆ ಮಗಳೇ ಎಂದು ಅಕ್ಕಿ ರೊಟ್ಟಿ ಬಡಿಸಿದ್ದ ಅವರ ತಾಯಿ ಬಸವಲಿಂಗಮ್ಮ ಕೆನ್ನೆ ಬಡಿದುಕೊಂಡರು. "ಹಬ್ಬದ ದಿನ ಒಡೀತದೆ ಅಂತಾರಾ? ಬುಡ್ತು ಅನ್ನು!"

"ಬುಡ್ತು ಅಂದ್ರೂ ಒಡೀತದೆ ಅಜ್ಜಿ."

ಗೌರೀಶಂಕರರು ಅವಳನ್ನು ಪಕ್ಕಕ್ಕೆ ತಳ್ಳಿ, ಗಾಳಿ ಎಳೆಯುವ ಜಾಲರಿಗೇ ನೀರು ಬಿಟ್ಟರು. ಬ್ಲೋಯರ್ ಅದನ್ನು ಒಳಗೆಳೆಯಿತು. ಟಪ್ ಟಪ್ ಎಂದು ಬಿಲ್ಲೆಗಳು ಸಿಡಿದವು, ಕರೆಂಟು ಸತ್ತಿತು. ಧನ್ಯಾ ಎಲ್ಲರೆದುರೇ ಅತ್ತಳು. ಪೂಜೆ ಮಾತ್ರ ನಿಲ್ಲಲಿಲ್ಲ. ಸತ್ತ ಯಂತ್ರಕ್ಕೆ ವಿಭೂತಿ ಬಳಿದರು, ದೃಷ್ಟಿ ತೆಗೆದು ಬೂದುಗುಂಬಳ ಒಡೆದರು.

ಆಮೇಲೆ ಗೌರೀಶಂಕರರು ಕಂಪನಿಗೆ ಫೋನು ಮಾಡಿದರು. "ಪೂಜೆಗೆ ಮುಂಚೆನೇ ಒಡೀತದೆ ಅಂದ್ಳು ಸಾ, ಅಂಗೇ ಆಯ್ತು. ಬೇಕಾದ್ರೆ ಅವಳನ್ನೇ ಕೇಳಿ."

ಧನ್ಯಾ ಫೋನು ತೆಗೆದುಕೊಂಡು ನಡೆದದ್ದನ್ನು ಪೂರ್ತಿ ಹೇಳಿದಳು. ಕಂಪನಿಯ ಸಾಹೇಬರು ಸಮಾಧಾನವಾಗಿ ಕೇಳಿಸಿಕೊಂಡರು.

"ಒಡೆಯುತ್ತೆ ಅಂತ ಗೊತ್ತಿದ್ದೂ ತಡೆಯಲಿಲ್ಲ ಅಂದರೆ ನೀನ್ಯಾಕಮ್ಮ ಅಲ್ಲಿ? ನಾಳೆಯಿಂದ ಬರಬೇಡ."

ಅವಳು ಬ್ಯಾಗು ತೆಗೆದುಕೊಂಡಾಗ ಬಸವಲಿಂಗಮ್ಮ ಬಾಗಿಲಲ್ಲಿದ್ದರು. ಧನ್ಯಾಗೆ ಏನನ್ನಿಸಿತೋ, "ಬುಡ್ತು ಅಜ್ಜಿ," ಎಂದಳು.

"ಈಗಂದು ಏನವ್ವ? ಅನ್ನು ಅಂದಾಗ ಅನ್ನದೆ ನನ್ನ ಮಗನ ಕೈಲಿ ಒಡೆಸ್ದೆ." ಮುದುಕಿ ಪೊರಕೆ ಚಾಚಿದರು. "ಕುಂಬಳಕಾಯಿ ಚೂರು ಗುಡ್ಸಿ ಓಗು. ಹಾಲಿನ ಗಾಡಿ ಬತ್ತದೆ, ಜಾರೀತು."

ಧನ್ಯಾ ಗುಡಿಸಿದಳು.