ಐದಕ್ಕೆ ಐದು

ಐದಕ್ಕೆ ಐದು. ಮತ್ತೂ ಐದಕ್ಕೆ ಐದು. ಸೀತುವಿನ ಹೆಸರಿನ ಚೀಟಿಯಲ್ಲಿ ಏಳನೆಯ ತರಗತಿಯ ಆರು ಮಕ್ಕಳು ಹಾಕಿದ ಅಂಕ ನೋಡಿ ಮೇಷ್ಟ್ರು ವಿಷ್ಣುಪ್ರಸಾದ ಹಿಗ್ಗಿದ.

ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಅಂಕ ಕೊಡುವುದು ಅವನೇ ತಂದ ಕ್ರಮ. ಕೆಂಪು ಶಾಯಿಯ ದರ್ಪ ಮುಗಿಯಿತೆಂದು ಪುತ್ತೂರಿನ ತರಬೇತಿಯಲ್ಲಿ ಭಾಷಣ ಮಾಡಿದ್ದ. ಈಗ ನೋಡಿ, ಕಾಲನಿಯ ಹುಡುಗಿಗೆ ತೋಟದ ಮನೆಗಳ ಮಕ್ಕಳು ಪೂರ್ಣಾಂಕ ಕೊಟ್ಟಿದ್ದಾರೆ. ಜಾತಿ ಸಾಯುವುದು ಹೀಗೆಯೇ, ಸದ್ದಿಲ್ಲದೆ.

ಕೆಳಗೆ 'ಭಾವಪೂರ್ಣ ಬರಹ' ಎಂದು ಬರೆದು ಸಹಿ ಹಾಕಿದ. ಫೋಟೋ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಕಳಿಸಿದ. ಕಡಬದ ಮೇಷ್ಟ್ರೊಬ್ಬರಿಂದ ಮೂರು ಚಪ್ಪಾಳೆಯ ಚಿತ್ರ ಬಂತು.

ಆಮೇಲೆ ಕಂಡದ್ದು ಕೊನೆಯ ಸಾಲು. 'ನನಗೆ ನಾನು ಕೊಡುವ ಅಂಕ' ಎಂಬಲ್ಲಿ ಸೀತು ಸೊನ್ನೆ ಹಾಕಿದ್ದಳು.

"ಎಂತ ಸೀತು ಇದು? ಎಲ್ಲರೂ ಐದು ಕೊಟ್ಟಿದ್ದಾರಲ್ಲ."

"ಅವರು ಓದ್ಲೇ ಇಲ್ಲ ಸರ್."

"ಓದಿದ್ದೇವೆ ಸರ್," ಎಂದ ಭವಿತ್, ತುಸು ಬೇಗನೇ. "ಒಳ್ಳೆದುಂಟು."

"ಎಂತ ಒಳ್ಳೆದುಂಟು, ಹೇಳು ಮಾರಾಯ. ಬರೆದ ಎರಡು ಹಾಳೆಯನ್ನೂ ಅನ್ನ ಹಾಕಿ ಅಂಟಿಸಿದ್ದೇನೆ. ಹೇಗೆ ಓದಿದ್ದು ನೀನು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಂಕ ಕೊಟ್ಟಿದ್ದ ಅನಘಾ ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತಳು.

"ಅವಳ ಪುಸ್ತಕ ಮುಟ್ಟಿದ್ರೆ ಮನೆಯಲ್ಲಿ ಅಜ್ಜಿ ಬೈತಾರೆ ಸರ್. ಐದು ಕೊಟ್ಟಿದ್ದೇನಲ್ಲ?"

ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ವಿಷ್ಣುಪ್ರಸಾದ ಚೀಟಿಯನ್ನು ಮಡಚಿದ.

ಸೀತು ಎದ್ದು ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ನೀವು ಓದಿ ಸರ್."

'ನನ್ನ ಮನೆ' ಎಂಬ ಶೀರ್ಷಿಕೆಯ ಹಿಂದೆ ಎರಡು ಹಾಳೆಗಳು ಒಂದಾಗಿದ್ದವು. ಅಂಚಿನಲ್ಲಿ ಒಣಗಿದ ಕುಚ್ಚಲಕ್ಕಿಯ ಅಗುಳು. ಅವಳ ಮನೆಯ ಅನ್ನ. 'ಮುಸುರೆ, ಕೈ ತೊಳಿ' ಎಂದು ಎಂದೋ ತನ್ನ ಅಮ್ಮ ಗದರಿದ್ದು ಕಿವಿಯಲ್ಲಲ್ಲ, ಬೆರಳಲ್ಲಿ ಕೇಳಿಸಿತು. ಅವನ ಕೈ ಸ್ಟೀಲ್ ಸ್ಕೇಲನ್ನು ಹುಡುಕಿಕೊಂಡಿತು.

"ಬೆರಳು ಸಾಕಲ್ಲ ಸರ್?"

"ಹರಿಯಬಾರದಲ್ಲ, ಅದಕ್ಕೆ."

ಸ್ಕೇಲು ಒಳಗೆ ಹೋಯಿತು. ಹಾಳೆ ಪರ್ರೆಂದು ಎರಡಾಯಿತು. ಅಗುಳುಗಳು ಅಕ್ಷರಗಳನ್ನು ಕಿತ್ತುಕೊಂಡಿದ್ದವು; ಅರ್ಧ ಪದ ಇಲ್ಲಿ, ಅರ್ಧ ಎದುರು ಮಗ್ಗುಲಲ್ಲಿ ತಿರುಗುಮುರುಗಾಗಿ. ಇಡೀ ತರಗತಿ ಕಾಯುತ್ತಿತ್ತು.

"ನಮ್ಮ ಮನೆ ಚಿಕ್ಕದು," ಎಂದು ವಿಷ್ಣುಪ್ರಸಾದ ಗಟ್ಟಿಯಾಗಿ ಓದತೊಡಗಿದ, "ಆದರೆ ಬಹಳ ಸುಂದರ..."

ಸೀತು ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ತಲೆಯೆತ್ತದೆ, ಅಕ್ಷರ ಕಿತ್ತುಹೋದ ಆ ಬಿಳುಪಿನಿಂದ, ಸಾಲಿನ ಮೇಲೆ ಸಾಲು ಓದುತ್ತಲೇ ಹೋದ.